ಐದನೆಯ ಯಾಕೆ

ದೇವರ ಮನೆಯಲ್ಲಿ ಚಪ್ಪಲಿ ಹಾಕಿಕೊಂಡು ಕೂತು ಕೆಲಸ ಮಾಡಬೇಕು ಎಂದಾಗ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಇಂದಿರಾನಗರದ ಒಂದು ಅಡ್ಡರಸ್ತೆಯ ಹಳೇ ಮನೆ ಅದು. ಹಾಲ್‌ನಲ್ಲಿ ಪ್ರೋಗ್ರಾಂ ಬರೆಯುವವರು, ಮಲಗುವ ಕೋಣೆಯಲ್ಲಿ ಮೀಟಿಂಗು, ಅಡುಗೆಮನೆಯಲ್ಲಿ ಟೀ ಯಂತ್ರ. ದೇವರ ಮನೆಯಲ್ಲಿ ಎರಡು ಮೇಜು ಹಾಕಿದ್ದರು. ಬಾಗಿಲಿನ ಚೌಕಳಿಗಳಲ್ಲಿ ಗಂಟೆ ಬಿಚ್ಚಿದ ತೂತುಗಳು ಹಾಗೇ ಇದ್ದವು. ನಾನು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆ. ಒಳಗೆ ಕೂತಿದ್ದ ದಪ್ಪ ಕನ್ನಡಕದ ಹೆಂಗಸು ತಿರುಗಿ ನೋಡಿ ನಕ್ಕರು. "ಹಾಕ್ಕೊಂಡೇ ಬಾ ಮಾ, ದೇವ್ರು ಖಾಲಿ ಮಾಡ್ಕೊಂಡು ಹೋಗಿ ಬಹಳ ವರ್ಷ ಆಯ್ತು" ಎಂದರು. ಅವರೇ ಫಿಲೋಮಿನಾ.

ಅಷ್ಟರಲ್ಲಿ ಒಬ್ಬರು ಟೀ ಕಪ್ಪು ತಂದು ನನ್ನ ಮೇಜಿನ ಮೇಲಿಟ್ಟರು. ಟೀ ಕೊಡುವವರು ಅಂದುಕೊಂಡು ತಲೆಯಾಡಿಸಿ ಸುಮ್ಮನಾದೆ. ಆಮೇಲೆ ನೋಡಿದರೆ ಅವರೇ ಮಾಲೀಕರು. ನಾನು ದಡಬಡಿಸಿ ಎದ್ದು "ತಪ್ಪಾತ್ರೀ ಸರ್" ಅಂದೆ. "ಸರ್ ಬೇಡ, ರಘು ಅನ್ನಿ. ಇಲ್ಲಿ ಎಲ್ಲರೂ ಒಂದೇ ಫ್ಯಾಮಿಲಿ" ಎಂದರು. ಗುಳೇದಗುಡ್ಡದಲ್ಲಿ ಹದಿನಾಲ್ಕು ವರ್ಷ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳಿದವಳು ನಾನು. ಅದರ ಮಾಲೀಕರ ಹೆಸರನ್ನು ಬಾಯಿಬಿಟ್ಟು ಹೇಳಿದವಳಲ್ಲ, ಅವರ ಎದುರು ಕುರ್ಚಿಯಲ್ಲಿ ಕೂತವಳೂ ಅಲ್ಲ. ಇಲ್ಲಿ ಕಪ್ಪು ತೊಳೆದಿಡುವ ಮಾಲೀಕರು, ಹೆಸರು ಹಿಡಿದು ಕರೆಯುವ ಹುಡುಗರು. ಎರಡು ತಿಂಗಳವರೆಗೆ ನಾನು ಅವರನ್ನು ಕರೆಯಲೇ ಇಲ್ಲ, ಎದುರಿಗೆ ಹೋಗಿ ನಿಂತು ಕೆಮ್ಮುತ್ತಿದ್ದೆ.

ನಮ್ಮೂರ ಕಡೆಯವರು ಕೇಳುತ್ತಾರೆ, ಮೂವತ್ತೇಳನೆಯ ವಯಸ್ಸಿಗೆ ಒಬ್ಬಾಕಿನ ಯಾಕ ಹೋದಿ ಅಂತ. ಹುಡುಗರೆಲ್ಲ ಬಾಗಲಕೋಟೆಗೆ ಕಲಿಯಲು ಹೋಗತೊಡಗಿದ ಮೇಲೆ ನಮ್ಮ ಸೆಂಟರಿಗೆ ಬೀಗ ಬಿತ್ತು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಈ ಕಂಪನಿಯ ಹೆಸರು ಹೇಳಿದಳು. ತಾಲೂಕುಗಳ ಸಣ್ಣ ದವಾಖಾನೆಗಳಿಗೆ ರೋಗಿಗಳ ಸರದಿಯ ಟೋಕನ್ ಸಾಫ್ಟ್‌ವೇರ್ ಮಾಡುವ ಕಂಪನಿ, ಕನ್ನಡ ಬಲ್ಲವರು ಬೇಕಿತ್ತು. ನನ್ನನ್ನೂ ಸೇರಿಸಿ ಹನ್ನೊಂದು ಜನ. ಮಾಡಿದ್ದನ್ನು ಪರೀಕ್ಷೆ ಮಾಡುವುದು ನನ್ನ ಕೆಲಸ. ಇರುವ ಗುಂಡಿಯನ್ನೆಲ್ಲ ಒತ್ತುವುದು, ತಪ್ಪು ಸಿಗುವವರೆಗೆ ಒತ್ತುವುದು. ನನ್ನ ಸ್ವಭಾವಕ್ಕೆ ಹೇಳಿ ಮಾಡಿಸಿದ ಕೆಲಸ ಎಂದು ನನ್ನ ಅಣ್ಣ ನಕ್ಕ.

ಉಳಿಯಲು ಮನೆ ಹುಡುಕುವುದು ಮಾತ್ರ ನಗುವ ಮಾತಾಗಿರಲಿಲ್ಲ. ಗಂಡ ಎಲ್ಲಿ, ಮದುವೆ ಯಾಕಾಗಿಲ್ಲ, ಯಾವ ಜನ, ಕೇಳಿದ್ದೇ ಕೇಳಿದ್ದು. ಮೂರನೆಯ ವಾರ ಫಿಲೋಮಿನಾ ಅಕ್ಕನೇ, "ನಮ್ಮನೆ ಮೇಲೆ ರೂಮ್ ಇದೆ, ಶೀಟಿಂದು, ಬಿಸಿಲಿಗೆ ಸ್ವಲ್ಪ ಸುಡುತ್ತೆ, ಇರ್ತೀಯಾ?" ಎಂದರು. ಅವರದು ಹಲಸೂರಿನ ಒಂದು ಓಣಿ, ಅಪ್ಪನ ಕಾಲದ ಮನೆ. ಅವರಿಗೂ ಮದುವೆಯಾಗಿರಲಿಲ್ಲ. ಐವತ್ತೆರಡು ವಯಸ್ಸು. ಅಪ್ಪ ಅಮ್ಮ ಇಬ್ಬರೂ ತೀರಿಕೊಂಡಿದ್ದರು. ಕಂಪನಿಯಲ್ಲಿ ಮೊಟ್ಟಮೊದಲು ಕೆಲಸಕ್ಕೆ ಸೇರಿದವರು ಅವರೇ. ಆ ಕೆಲಸ ಬಿಟ್ಟರೆ ಅವರಿಗೆ ಬೇರೆ ಆಧಾರವಿರಲಿಲ್ಲ.

ಕರ್ನಾಟಕದ ರಾಜಧಾನಿಗೆ ಬಂದು ನಾನು ತಮಿಳು ಕಲಿಯಬೇಕಾಯಿತು ನೋಡಿ. ಓಣಿಯ ಹಾಲಿನವ, ಹೂವಿನಾಕೆ, ಇಸ್ತ್ರಿಯವ, ಎಲ್ಲರ ಮೊದಲ ಮಾತೂ ತಮಿಳು. ಎರಡನೆಯದು ಕೆಲವರದು ಕನ್ನಡ, ಕೆಲವರದು ಉರ್ದು. "ಸಾಪ್ಟಿಯಾ ಮಾ?" ಎಂದು ಅಕ್ಕ ದಿನಾ ಮೆಟ್ಟಿಲ ಕೆಳಗಿನಿಂದ ಕೂಗುತ್ತಿದ್ದರು. ಊಟ ಆಯಿತಾ ಅಂತ ಅರ್ಥ. ನಾನು ಮೊದಲ ವಾರ ಅದೇನೋ ಸಾಫ್ಟ್‌ವೇರಿನ ಸುದ್ದಿ ಅಂದುಕೊಂಡು "ನಾಳೆ ನೋಡ್ತೀನ್ರೀ ಅಕ್ಕಾರ" ಎಂದು ಉತ್ತರ ಕೊಟ್ಟು ಉಪವಾಸ ಮಲಗಿದ್ದೆ! ನಾನು ಬರೀ ಕಾಯಿಪಲ್ಯೆ ತಿನ್ನುವವಳು ಎಂದು ಗೊತ್ತಾದ ಮೇಲೆ ನನಗೆಂದು ಬೇರೆ ಪಾತ್ರೆ, ಬೇರೆ ಸೌಟು ಇಟ್ಟರು. ನಾನು ಊರಿನಿಂದ ತಂದ ಒಣಗಿಸಿದ ಖಟಕ್ ಜೋಳದ ರೊಟ್ಟಿಯನ್ನು ಅವರು ಹಪ್ಪಳದ ಹಾಗೆ ಮುರಿದು ರಸಂ ಅನ್ನಕ್ಕೆ ನಂಚಿಕೊಳ್ಳುತ್ತಿದ್ದರು. ಅದನ್ನು ನೋಡಿ ನನ್ನ ಜೀವ ಹೋಗುತ್ತಿತ್ತು. "ಅಕ್ಕಾರ, ರೊಟ್ಟಿ ಅಂದ್ರ ಊಟರೀ, ನಂಚಗೊಳ್ಳೂದಲ್ಲ" ಅಂದರೆ, "ನಿಮ್ಮೂರಲ್ಲಿ ಮಾ, ನಿಮ್ಮೂರಲ್ಲಿ" ಎಂದು ಇನ್ನೊಂದು ಮುರಿಯುತ್ತಿದ್ದರು. ಆ ಒಂದು ವರ್ಷ ನಾನು ಬಹಳ ಸುಖವಾಗಿದ್ದೆ. ಊರಿನಲ್ಲಿ ನನ್ನನ್ನು ಹಾಗೆ ಊಟಕ್ಕೆ ಕೂಗಿ ಕರೆಯುವವರು ಅವ್ವನನ್ನು ಬಿಟ್ಟರೆ ಯಾರೂ ಇರಲಿಲ್ಲ.

ಅವರ ಕಣ್ಣಿನ ವಿಷಯ ನನಗೆ ಹೊಳೆದದ್ದು ಆಫೀಸಿನಲ್ಲಲ್ಲ, ಓಣಿಯಲ್ಲಿ. ಬದಿಗೆ ನಿಲ್ಲಿಸಿದ ಸ್ಕೂಟರಿಗೆ ದಿನವೂ ಮೊಣಕಾಲು ತಾಗಿಸಿಕೊಂಡು ಬಯ್ಯುತ್ತಿದ್ದರು. ಎದುರಿಗೆ ಬಂದವರನ್ನು ಹೆಸರು ಹಿಡಿದು ಮಾತಾಡಿಸುವವರು, ಪಕ್ಕದಿಂದ ಬಂದವರು ಮುಟ್ಟಿದರೆ ಬೆಚ್ಚುತ್ತಿದ್ದರು. ಮೆಟ್ರೋ ಮೆಟ್ಟಿಲಲ್ಲಿ ನನ್ನ ತೋಳು ಹಿಡಿದುಕೊಂಡು "ಕಾಲು ನೋವು ಮಾ" ಎನ್ನುತ್ತಿದ್ದರು. ಎರಡು ಸಲ ಕನ್ನಡಕ ಬದಲಾಯಿಸಿದರು. ಕನ್ನಡಕದಂಗಡಿಯವನ ಗೋಡೆಯ ಅಕ್ಷರಗಳು ಎದುರಿಗಿದ್ದವು, ಎದುರಿಗಿದ್ದದ್ದು ಅವರಿಗೆ ಚೆನ್ನಾಗಿ ಕಾಣುತ್ತಿತ್ತು.

ಆಫೀಸಿನಲ್ಲಿ ಒಂದು ನಿಯಮವಿತ್ತು. ಯಾವ ಹೊಸ ಬದಲಾವಣೆಯೂ ಇಬ್ಬರು ನೋಡಿ, ಇಬ್ಬರೂ ತಮ್ಮ ಹೆಸರು ಹಾಕುವವರೆಗೆ ದವಾಖಾನೆಗಳಿಗೆ ಹೋಗಬಾರದು. ಹೊರಗೆ ಹೋಗುವುದಕ್ಕೆ ಅವರು ರಿಲೀಸ್ ಎನ್ನುತ್ತಾರೆ. ಮೊದಲ ಹೆಸರು ಅಕ್ಕನದು, ಎರಡನೆಯದು ನನ್ನದು. ಪರದೆಯ ಮೂಲೆಯಲ್ಲಿ ಇರುವ ತಪ್ಪುಗಳನ್ನು ಅವರು ಬಿಡತೊಡಗಿದರು. ಮೊದಮೊದಲು ನಾನು, "ಅಕ್ಕಾರ, ಬಲಗಡೆ ತುದಿ ಇನ್ನೊಮ್ಮೆ ನೋಡ್ರಿ" ಎನ್ನುತ್ತಿದ್ದೆ. ಅವರು ಕತ್ತು ತಿರುಗಿಸಿ ನೋಡಿ "ಹೌದಲ್ಲ ಮಾ" ಎನ್ನುತ್ತಿದ್ದರು. ಕೆಲವು ತಿಂಗಳಾದ ಮೇಲೆ ನಾನೇ ಮೊದಲು ನೋಡಿ ಮೆಲ್ಲಗೆ ಹೇಳುವುದು, ಅವರು ಹೆಸರು ಹಾಕುವುದು, ಆಮೇಲೆ ನಾನು ಹಾಕುವುದು, ಹೀಗೆ ರೂಢಿಯಾಯಿತು. ದೇವರ ಮನೆಯಲ್ಲಿ ನಾವಿಬ್ಬರೇ, ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂತಿರುತ್ತಿದ್ದೆವು. ಯಾರಿಗೂ ಗೊತ್ತಾಗಲಿಲ್ಲ. ನಾವಿಬ್ಬರೂ ಆ ಬಗ್ಗೆ ಒಂದೇ ಒಂದು ಮಾತು ಬಾಯಿಬಿಟ್ಟು ಆಡಲಿಲ್ಲ. ನಾನು ಅವರ ಮರ್ಯಾದೆ ಕಾಯುತ್ತಿದ್ದೇನೆ ಎಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ನನ್ನ ಅಣ್ಣನ ಮಗಳ ಕುಬಸ ಬಂತು. ಈ ಕಡೆ ಅದಕ್ಕೆ ಸೀಮಂತ ಎನ್ನುತ್ತಾರೆ. ನಾಲ್ಕು ದಿನ ರಜೆ ಹಾಕಿದೆ. ಆ ವಾರದಲ್ಲೇ ಒಂದು ರಿಲೀಸ್ ಇತ್ತು. ಮುಂದೂಡಿ ಎಂದು ರಘುಗೆ ಹೇಳಬೇಕೆಂದು ಎರಡು ಸಲ ಅವರ ಮೇಜಿನವರೆಗೆ ಹೋದೆ. ಯಾಕೆ ಎಂದು ಕೇಳಿದರೆ ಏನು ಹೇಳಲಿ? ವಾಪಸು ಬಂದೆ. ಹೊರಡುವ ದಿನ ಅಕ್ಕ ನನ್ನ ಚೀಲಕ್ಕೆ ಅವ್ವನಿಗೆಂದು ಒಂದು ಪ್ಲಮ್ ಕೇಕು ತುರುಕಿದರು. "ಮೊಟ್ಟೆ ಇಲ್ದೇ ಮಾಡ್ಸಿದೀನಿ, ಹೆದ್ರಬೇಡ ಅಂತ ಹೇಳು" ಎಂದರು.

ನಾನು ಊರಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದಾಗ ಇಲ್ಲಿ ತಪ್ಪು ನಡೆದಿತ್ತು. ತುರ್ತಾಗಿ ನೋಡಬೇಕಾದ ರೋಗಿಯ ಹೆಸರಿನ ಮುಂದೆ, ಪರದೆಯ ಬಲತುದಿಯಲ್ಲಿ, ಒಂದು ಕೆಂಪು ಪಟ್ಟಿ ಬರಬೇಕು. ಹೊಸ ಬದಲಾವಣೆಯಲ್ಲಿ ಅದು ಸಣ್ಣ ಪರದೆಗಳಲ್ಲಿ ಮಾಯವಾಗಿತ್ತು. ಒಂದು ತಾಲೂಕಿನ ದವಾಖಾನೆಯಲ್ಲಿ ಎದೆನೋವೆಂದು ಬಂದ ಅಜ್ಜನನ್ನು ಸಾಲಿನಲ್ಲಿ ಎರಡು ತಾಸು ಕೂರಿಸಿದ್ದರು. ಅಲ್ಲೇ ಕುಸಿದುಬಿದ್ದ ಮೇಲೆ ಎಲ್ಲರೂ ಓಡಿದ್ದರು. ಪುಣ್ಯಕ್ಕೆ ಅಜ್ಜ ಉಳಿದುಕೊಂಡ.

ನಾನು ಮರಳಿದ ದಿನವೇ ಮೀಟಿಂಗು. ಇದು ಈ ಜನರ ಒಂದು ಪದ್ಧತಿ, ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕು. ದೊಡ್ಡ ತಪ್ಪಾದರೆ ಎಲ್ಲರೂ ಒಟ್ಟಿಗೆ ಕೂರುತ್ತಾರೆ. ಯಾರನ್ನೂ ದೂರುವಂತಿಲ್ಲ, ದನಿ ಏರಿಸುವಂತಿಲ್ಲ. ಬೋರ್ಡಿನ ಮೇಲೆ ತಪ್ಪನ್ನು ಬರೆದು ಅದರ ಕೆಳಗೆ ಐದು ಸಲ ಯಾಕೆ ಎಂದು ಕೇಳುತ್ತಾರೆ. ಒಂದಕ್ಕೆ ಸಿಕ್ಕ ಉತ್ತರದ ಮೇಲೆ ಇನ್ನೊಂದು ಯಾಕೆ. ಐದನೆಯದಕ್ಕೆ ಬೇರು ಸಿಗುತ್ತದಂತೆ. ಕಂಪ್ಯೂಟರ್ ಸೆಂಟರಿನಲ್ಲಿ ತಪ್ಪಾದರೆ ಮಾಲೀಕರು ಎಲ್ಲರೆದುರು ಬಯ್ಯುತ್ತಿದ್ದರು, ಸಂಜೆಗೆ ಮರೆಯುತ್ತಿದ್ದರು. ಅದಕ್ಕಿಂತ ಇದು ಎಷ್ಟು ಸುಧಾರಿಸಿದ ಜನರ ಕೆಲಸ ಎಂದು ನಾನು ಮೆಚ್ಚಿಕೊಂಡಿದ್ದೆ.

"ಯಾರ ತಪ್ಪು ಅಂತ ಅಲ್ಲ, ಓಪನ್ ಆಗಿ ಮಾತಾಡೋಣ" ಎಂದು ರಘು ಪೆನ್ನು ಹಿಡಿದರು. ಪಟ್ಟಿ ಯಾಕೆ ಬರಲಿಲ್ಲ? ಪ್ರೋಗ್ರಾಂ ಬರೆದ ಕಿರಣ್ ಹೇಳಿದ, ಬಲತುದಿ ಕತ್ತರಿಸಿಹೋಗಿತ್ತು ಎಂದು. ಹೊರಗೆ ಹೋಗುವ ಮುಂಚೆ ಯಾಕೆ ಸಿಗಲಿಲ್ಲ? ಪರೀಕ್ಷೆಯಲ್ಲಿ ಸರಿ ಇದೆ ಅಂತ ಬಂದಿತ್ತು. ಎರಡು ಹೆಸರಿದ್ದರೂ ಯಾಕೆ ಹಾಗೆ ಬಂತು?

ಕಿರಣ್ ನನ್ನತ್ತ ನೋಡಿ ತಲೆ ಕೆರೆದುಕೊಂಡ. "ಗಂಗಾ ರಜೆಯಲ್ಲಿದ್ರಲ್ಲ, ಎರಡನೇದು ನಾನೇ ಹಾಕ್ಬಿಟ್ಟೆ. ಫಿಲೋಮಿನಾ ನೋಡಿದ್ರೆ ಮುಗೀತಲ್ವಾ ಅಂತ ನಾನು ನೋಡ್ಲೇ ಇಲ್ಲ, ಗುರು."

"ಓಕೆ, ನಾಲ್ಕನೇದು. ಮೊದಲನೇ ಹೆಸರು ಹಾಕುವಾಗ ಯಾಕೆ ಸಿಗಲಿಲ್ಲ? ಫಿಲೋಮಿನಾ, ನೀವು ನೋಡಿದ್ರಾ?"

"ನೋಡ್ದೆ ರಘು. ಎಲ್ಲಾ ನೋಡ್ದೆ. ಇತ್ತು ಅನ್ಕೊಂಡೆ." ಅಕ್ಕನ ದನಿ ಸಣ್ಣದಾಗಿತ್ತು. "ಮಿಸ್ ಆಗಿರ್ಬೇಕು."

ರಘು ಐದನೆಯ ಸಲ ಬರೆದರು, ಯಾಕೆ ಮಿಸ್ ಆಯಿತು. ಅಕ್ಕ ಬೋರ್ಡನ್ನೇ ನೋಡುತ್ತಿದ್ದರು. ನಾನು ಪಕ್ಕದಲ್ಲೇ ಕೂತಿದ್ದೆ, ಅಂದರೆ ಅವರಿಗೆ ಕಾಣದ ಜಾಗದಲ್ಲಿ.

ನಾನು ಯಾಕೆ ಬಾಯಿಬಿಟ್ಟೆ ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ. ಆ ಅಜ್ಜನ ನೆನಪಾಗಿತ್ತು, ಅದು ನಿಜ. ಇನ್ನೊಂದು ಕಾರಣವೂ ಇದೆ. ನಾನು ಮಗ್ಗದ ಓಣಿಯಲ್ಲಿ ಬೆಳೆದವಳು. ನಮ್ಮಲ್ಲಿ ನೇಕಾರನ ಕಣ್ಣು ಮಂಜಾದರೆ ಅದು ಗುಟ್ಟಲ್ಲ. ಕಟ್ಟೆಯ ಮೇಲೆ ಕೂತವರೇ "ಮಾವಗ ಎಳಿ ಕಾಣವಲ್ವು" ಎಂದು ಗಟ್ಟಿಯಾಗಿ ಹೇಳುತ್ತಾರೆ. ಪಕ್ಕದ ಮನೆಯ ಹುಡುಗಿ ಬಂದು ಎಳೆ ಜೋಡಿಸಿಕೊಡುತ್ತಾಳೆ, ಅವನಿಗೆ ಕಂಡಿಕೆಗೆ ನೂಲು ಸುತ್ತುವ ಕೆಲಸ ಕೊಡುತ್ತಾರೆ. ಆಡಿಕೊಂಡು ನಗುವುದೂ ಉಂಟು. ಆದರೆ ಮಗ್ಗದ ಮನೆಯಿಂದ ಹೊರಗೆ ಹಾಕುವುದಿಲ್ಲ. ಇವರೂ ಒಂದೇ ಫ್ಯಾಮಿಲಿ ಎಂದಿದ್ದರಲ್ಲ. ದೊಡ್ಡ ಪರದೆ ತರಿಸುತ್ತಾರೆ, ಫೋನ್ ತೆಗೆದುಕೊಳ್ಳುವ ಕೆಲಸ ಕೊಡುತ್ತಾರೆ, ಎಲ್ಲ ಸೇರಿ ದವಾಖಾನೆಗೆ ಕರೆದುಕೊಂಡು ಹೋಗುತ್ತಾರೆ ಎಂದುಕೊಂಡೆ. ಹುಚ್ಚುಖೋಡಿ ನಾನು.

"ಅಕ್ಕಾರಿಗೆ ಬಾಜೂದ್ದು ಕಾಣಂಗಿಲ್ರೀ" ಎಂದೆ. "ಬಹಳ ದಿವಸ ಆತು. ನಾನೇ ನೋಡಿ ಹೇಳ್ತಿದ್ದೆ."

ಅಕ್ಕ ಇಡೀ ಮುಖ ತಿರುಗಿಸಿ ನನ್ನನ್ನು ನೋಡಿದರು. ಸಿಟ್ಟು ಇರಲಿಲ್ಲ. ಮೈಮೇಲಿನ ಬಟ್ಟೆ ಎಲ್ಲರೆದುರು ಜಾರಿದವರ ಮುಖ ಹೇಗಿರುತ್ತದೋ ಹಾಗಿತ್ತು. ರಘು ಬೋರ್ಡಿನ ಮೇಲೆ ಬರೆಯಲು ಪೆನ್ನೆತ್ತಿದವರು, ಬರೆಯದೆ ಕೆಳಗಿಟ್ಟರು. ಆ ಮಟ್ಟಿಗೆ ಅವರು ಒಳ್ಳೆಯ ಮನುಷ್ಯ.

ಯಾರೂ ದೂರಲಿಲ್ಲ, ಅದು ಪದ್ಧತಿ. "ಮೊದ್ಲು ಒಳ್ಳೆ ಡಾಕ್ಟರ್ ಹತ್ರ ತೋರಿಸ್ಕೊಳ್ಳಿ, ಕಂಪನಿ ನೋಡ್ಕೊಳ್ಳುತ್ತೆ" ಎಂದರು ರಘು. ಅಕ್ಕನನ್ನು ದೇವರ ಮನೆಯಿಂದ ಹಾಲ್‌ಗೆ ತಂದು ಕೂರಿಸಿದರು, ಫೋನ್ ಕೆಲಸ ಕೊಟ್ಟರು. ಫೋನ್ ಬಂದರೆ ಪರದೆಯಲ್ಲಿ ದವಾಖಾನೆಯ ವಿವರ ಹುಡುಕಬೇಕು, ಅದೂ ನಿಧಾನವಾಯಿತು. ಹುಡುಗರು "ಪರವಾಗಿಲ್ಲ, ನಾನು ನೋಡ್ತೀನಿ ಬಿಡಿ" ಎಂದು ಒಳ್ಳೆಯ ಮನಸ್ಸಿನಿಂದಲೇ ಒಂದೊಂದು ಕೆಲಸವನ್ನು ಅವರ ಕೈಯಿಂದ ತೆಗೆದುಕೊಂಡರು. ಕೊನೆಗೆ ಮಾಡಲು ಏನೂ ಉಳಿಯಲಿಲ್ಲ. ಆರನೆಯ ವಾರಕ್ಕೆ ಅಕ್ಕನೇ ಕೆಲಸ ಬಿಡುವ ಕಾಗದ ಬರೆದುಕೊಟ್ಟರು. ರಘು ಬೇಡ ಎಂದರು, ಎರಡನೆಯ ಸಲ ಬೇಡ ಎನ್ನಲಿಲ್ಲ. ಬೀಳ್ಕೊಡುವ ದಿನ ಕೇಕು ತರಿಸಿದ್ದರು. ಮಾತಾಡುವಾಗ ರಘು ನಿಜವಾಗಿಯೂ ಅತ್ತರು. ಅಕ್ಕ ಎಲ್ಲರಿಗೂ ಕೇಕು ಹಂಚಿದರು, ನನ್ನ ಪಾಲನ್ನು ಮೇಜಿನ ಮೇಲಿಟ್ಟು ಮುಂದೆ ಹೋದರು.

ಮರುದಿನದಿಂದ ಮೊದಲ ಹೆಸರು ನನ್ನದಾಯಿತು. ಅವರ ಕುರ್ಚಿ ನನ್ನದಾಯಿತು. "ಕಂಗ್ರಾಟ್ಸ್ ಗಂಗಾ, ನೀವೀಗ ಟೆಸ್ಟಿಂಗ್‌ಗೆ ಲೀಡ್" ಎಂದು ಕಿರಣ್ ಕೈ ಕುಲುಕಿದ. ಊರಿಗೆ ಫೋನ್ ಮಾಡಿ ಹೇಳಿದೆ. ಅಣ್ಣ ಓಣಿಗೆಲ್ಲ ಪೇಢೆ ಹಂಚಿದನಂತೆ. ಮೂರು ವರ್ಷದ ಹಿಂದೆ ಈ ಊರಿಗೆ ಬಂದಾಗ ನಾನು ಕೇಳಿಕೊಂಡದ್ದು ಇದನ್ನೇ, ಒಂದು ಗಟ್ಟಿಯಾದ ಜಾಗ. ಸಿಕ್ಕಿತು.

ಮನೆಯಲ್ಲಿ ಅಕ್ಕ ಮೆಟ್ಟಿಲ ಕೆಳಗಿನಿಂದ ಕೂಗುವುದನ್ನು ನಿಲ್ಲಿಸಿದರು. ರೂಮು ಖಾಲಿ ಮಾಡು ಎನ್ನಲಿಲ್ಲ. ಒಂದು ಭಾನುವಾರ ಅವರು ಚರ್ಚಿನಿಂದ ಬಂದು ಬೀಗ ತೆಗೆಯಲು ತಡಕಾಡುತ್ತಿದ್ದಾಗ ನಾನು ಕೆಳಗಿಳಿದು ಬಂದೆ. "ಅಕ್ಕಾರ, ನನ್ನಿಂದ ತಪ್ಪಾತ್ರೀ. ಸುಮ್ಮ ಇರಬೇಕಿತ್ತು" ಎಂದೆ. ಅಳು ಬಂದುಬಿಟ್ಟಿತು.

"ನಿಜ ಹೇಳಿದ್ದು ತಪ್ಪಲ್ಲ ಮಾ" ಎಂದರು. ಬೀಗ ಸಿಕ್ಕಿತು, ತೆಗೆದರು. "ಯಾರೋ ಸತ್ತೇ ಹೋಗ್ತಿದ್ರು. ಹೇಳ್ಲೇಬೇಕಿತ್ತು. ಆದ್ರೆ ನಂಗೆ ಮೊದ್ಲು ಹೇಳ್ಬೇಕಿತ್ತಲ್ವಾ? ವಯಸ್ಸಾಯ್ತು, ಕನ್ನಡಕ ಸರಿ ಇಲ್ಲ ಅನ್ಕೊಂಡಿದ್ದೆ ನಾನು. ಇಷ್ಟು ಕಾಣ್ತಿಲ್ಲ ಅಂತ ನಂಗೇ ಗೊತ್ತಿರ್ಲಿಲ್ಲ. ನೀನು ಹೇಳ್ಕೊಡ್ತಿದ್ಯಲ್ಲ, ಹಂಗಾಗಿ ಎಲ್ಲಾ ಕಾಣ್ತಿದೆ ಅನ್ನಿಸ್ತಿತ್ತು."

ಮತ್ತೆ ಎರಡು ತಿಂಗಳು ಅವರು ಯಾವ ಡಾಕ್ಟರ ಹತ್ತಿರವೂ ಹೋಗಲಿಲ್ಲ. ಕಂಪನಿ ಕಳಿಸಿತು ಅನ್ನಿಸಿಕೊಳ್ಳುವುದು ಬೇಡವಾಗಿತ್ತೋ, ಹೆದರಿಕೆಯೋ. ಮನೆಯೊಳಗೇ ಬಾಗಿಲ ಚೌಕಟ್ಟಿಗೆ ಹಣೆ ಒಡೆದುಕೊಂಡ ದಿನ, ನಾನು ರಿಕ್ಷಾ ತಂದು ನಿಲ್ಲಿಸಿ, "ಹತ್ರಿ ಅಕ್ಕಾರ, ಬೈರಿ, ಹೊಡೀರಿ, ಆದ್ರ ಹತ್ರಿ" ಎಂದೆ. ಹತ್ತಿದರು.

ಡಾಕ್ಟರಮ್ಮ ಅಕ್ಕನ ಗದ್ದವನ್ನು ಯಂತ್ರದ ಮೇಲಿಟ್ಟು ಬಹಳ ಹೊತ್ತು ನೋಡಿದರು. ಇದು ಗ್ಲಾಕೋಮಾ, ಕಣ್ಣೊಳಗೆ ಒತ್ತಡ ಹೆಚ್ಚಾಗಿ ಬದಿಯಿಂದ ನೋಟ ಹೋಗುತ್ತಾ ಬರುತ್ತದೆ, ನೋವಿರುವುದಿಲ್ಲ, ಹೋದದ್ದು ಮರಳಿ ಬರುವುದಿಲ್ಲ, ಉಳಿದದ್ದನ್ನು ಔಷಧಿಯಿಂದ ಕಾಪಾಡಿಕೊಳ್ಳಬಹುದು ಎಂದರು. "ಮುಂಚೆ ಬಂದಿದ್ರೆ ಎಷ್ಟೋ ಉಳಿಸ್ಬಹುದಿತ್ತಲ್ಲಮ್ಮ. ಪಕ್ಕದ್ದು ಕಾಣ್ತಿಲ್ಲ ಅಂತ ಯಾವಾಗಿಂದ?"

"ನಂಗೆ ಗೊತ್ತಿಲ್ಲ ಡಾಕ್ಟ್ರೇ" ಎಂದರು ಅಕ್ಕ. ಕೈಯಿಂದ ತಡವಿ ನನ್ನ ಮೊಣಕೈ ಹಿಡಿದುಕೊಂಡರು. "ಇವಳನ್ನ ಕೇಳಿ. ಇವಳಿಗೆ ಗೊತ್ತು."

ಡಾಕ್ಟರಮ್ಮ ಪೆನ್ನು ಹಿಡಿದು ನನ್ನತ್ತ ತಿರುಗಿದರು. "ಒಂದೂವರೆ ವರ್ಷ ಆತ್ರೀ" ಎಂದೆ. ಅವರು ಬರೆದುಕೊಂಡರು. ನಾನು ಮರ್ಯಾದೆ ಕಾಯುತ್ತೇನೆಂದು ಸುಮ್ಮನಿದ್ದ ಅಷ್ಟೂ ತಿಂಗಳು ಆ ಒಂದು ಸಾಲಿನಲ್ಲಿ ಬಂತು. ಕೆಲಸ ಹೋದದ್ದು ನಾನು ಮಾತಾಡಿದ್ದಕ್ಕೆ. ಕಣ್ಣು ಹೋದದ್ದು ಮಾತಾಡದೆ ಇದ್ದದ್ದಕ್ಕೆ. "ನೀವು ಇವರಿಗೆ ಏನಾಗ್ಬೇಕು?" ಎಂದು ನನ್ನನ್ನು ಕೇಳಿದರು. ಅಕ್ಕನೇ, "ನಮ್ಮನೇಲೇ ಇರೋದು" ಎಂದರು.

ದಿನಕ್ಕೆ ಎರಡು ಸಲ ಕಣ್ಣಿಗೆ ಹನಿ ಹಾಕಬೇಕು. ಅವರಾಗಿ ಹಾಕಿಕೊಂಡರೆ ಕೆನ್ನೆಗೆ ಬೀಳುತ್ತದೆ. ಬೆಳಿಗ್ಗೆ ಆಫೀಸಿಗೆ ಹೊರಡುವ ಮುಂಚೆ, ಸಂಜೆ ಬಂದ ಕೂಡಲೇ, ನಾನು ಕೆಳಗೆ ಹೋಗುತ್ತೇನೆ. ಅವರು ಕುರ್ಚಿಯಲ್ಲಿ ಕೂತು ಮುಖ ಮೇಲೆತ್ತುತ್ತಾರೆ. ಒಂದೊಂದು ಕಣ್ಣಿಗೆ ಒಂದೊಂದು ಹನಿ. ಅವರು "ಆಯ್ತು" ಎನ್ನುತ್ತಾರೆ, ನಾನು ಬಾಗಿಲು ಮುಂದೆ ಮಾಡಿಕೊಂಡು ಬರುತ್ತೇನೆ. ಊಟ ನನ್ನದು ಮೇಲೆ, ಅವರದು ಕೆಳಗೆ.

ಬಾಗಲಕೋಟೆಯಲ್ಲಿ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವವರು ಬೇಕಂತೆ, ಅಣ್ಣ ಮಾತಾಡಿ ಬಂದಿದ್ದಾನೆ, ಮನೆಯಿಂದಲೇ ಹೋಗಿ ಬರಬಹುದಂತೆ. ಅವ್ವ ವಾರಕ್ಕೆರಡು ಸಲ ಫೋನ್ ಮಾಡಿ, "ಸಾಕ್ ಬಾ ಗಂಗವ್ವ, ಅಲ್ಲಿ ನಿನಗ ಯಾರದಾರ?" ಎಂದು ಕೇಳುತ್ತಾಳೆ. ನನಗೂ ಹೋಗಬೇಕು ಅನ್ನಿಸುತ್ತದೆ, ಬಹಳ ಅನ್ನಿಸುತ್ತದೆ. "ಬರಾಕ ಆಗಂಗಿಲ್ಲವ್ವ, ಇಲ್ಲಿ ಕೆಲಸ ಐತಿ" ಎನ್ನುತ್ತೇನೆ. ಕಂಪನಿಯ ಕೆಲಸ ಎಂದು ಅವ್ವ ತಿಳಿದುಕೊಂಡಿದ್ದಾಳೆ. ನಾನು ಬಿಡಿಸಿ ಹೇಳುವುದಿಲ್ಲ.